ಷಾಂಪೇನ್: ಒಂದು ದೋಷದ ಚರಿತ್ರೆ

ನಮ್ಮ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದು. ಚಂದ್ರೋದಯ, ಜಲಕ್ರೀಡೆ, ವನವಿಹಾರಗಳ ಸಾಲಿನಲ್ಲಿಯೇ ಕವಿಯಾದವನು ಪಾನಗೋಷ್ಠಿಯನ್ನೂ ವರ್ಣಿಸಬೇಕೆಂಬುದು ಲಾಕ್ಷಣಿಕರ ವಿಧಿ. ಆದ್ದರಿಂದ ಮದ್ಯವೊಂದರ ವಿಷಯವನ್ನೆತ್ತಿಕೊಂಡ ನಿವೃತ್ತ ಕನ್ನಡ ಅಧ್ಯಾಪಕನನ್ನು ಸಹೃದಯರು ಅಷ್ಟಾಗಿ ತಪ್ಪು ತಿಳಿಯಲಾರರೆಂದು ನಂಬಿದ್ದೇನೆ. ರುಚಿಯನ್ನು ಕುರಿತು ತೀರ್ಪು ಕೊಡುವ ಅಧಿಕಾರ ನನಗಿಲ್ಲ. ನನ್ನ ಪಾನಾಸಕ್ತಿ ಕಾಫಿಯ ಗಡಿಯನ್ನು ದಾಟಿದ್ದಲ್ಲ. ನನ್ನನ್ನು ಸೆಳೆದದ್ದು ಈ ಪಾನೀಯದ ಚರಿತ್ರೆ. ಅದರಲ್ಲಿಯೂ, ಆ ಚರಿತ್ರೆಯಲ್ಲಿ ಕೀರ್ತಿ ಯಾರಿಗೆ ಸಂದಿತು, ಶ್ರಮ ಯಾರದಾಗಿತ್ತು ಎಂಬ ಪ್ರಶ್ನೆ.

ದ್ರಾಕ್ಷಿಯ ಮದ್ಯದಲ್ಲಿ ಕೆಂಪು, ಬಿಳಿ, ಸಿಹಿ, ಒಗರು ಎಂದು ನೂರಾರು ಬಗೆಗಳುಂಟು. ಅವೆಲ್ಲವುಗಳಿಂದ ಪ್ರತ್ಯೇಕವಾಗಿ ನಿಲ್ಲುವುದು ನೊರೆಯುಕ್ಕಿಸುವ ಜಾತಿ. ತಂತಿಯ ಬಲೆಯಿಂದ ಬಿಗಿದ ಬಿರಡೆ, ಅದನ್ನು ತೆಗೆದಾಗಿನ ಸಿಡಿತ, ಲೋಟದ ತಳದಿಂದ ದಾರ ಹಿಡಿದಂತೆ ಏರುವ ಗುಳ್ಳೆಗಳ ಸಾಲು, ಇವು ಚಲಚ್ಚಿತ್ರಗಳ ದಯೆಯಿಂದ ಕುಡಿಯದವರಿಗೂ ಪರಿಚಿತವಾಗಿವೆ. ಮೋಟಾರು ಪಂದ್ಯದಲ್ಲಿ ಗೆದ್ದವರು ಇದನ್ನು ಒಬ್ಬರ ಮೇಲೊಬ್ಬರು ಚಿಮ್ಮಿಸುತ್ತಾರೆ. ಹೊಸ ಹಡಗನ್ನು ನೀರಿಗಿಳಿಸುವಾಗ ಇದರ ಸೀಸೆಯನ್ನು ಅದರ ಮೂತಿಗೆ ಅಪ್ಪಳಿಸಿ ಒಡೆಯುತ್ತಾರೆ. ಉಳಿದ ಮದ್ಯಗಳಲ್ಲಿಲ್ಲದ ಯಾವುದು ಇದರಲ್ಲಿದೆ?

ಉತ್ತರ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಾಗುವ ವೇಳೆಗೆ ಹುದುಗಿ, ಪಾತ್ರೆಯ ಕಂಠದವರೆಗೆ ಉಬ್ಬಿರುತ್ತದೆ. ಒಳಗಿದ್ದ ಸೂಕ್ಷ್ಮಜೀವಿಗಳು ಬಿಟ್ಟ ಉಸಿರು, ಎಂದರೆ ಇಂಗಾಲದ ಡೈಆಕ್ಸೈಡ್ ಅನಿಲ, ಹಿಟ್ಟನ್ನು ಎತ್ತಿರುತ್ತದೆ. ದ್ರಾಕ್ಷಿಯ ರಸ ಮದ್ಯವಾಗುವಾಗಲೂ ಇಂಥದೇ ಕಾರ್ಯ ನಡೆಯುತ್ತದೆ. ಇಲ್ಲಿ ದುಡಿಯುವ ಜೀವಿ ಬೇರೆ, ಯೀಸ್ಟ್ ಎಂಬ ಹುದುಗುಕಣ. ಆದರೆ ಹೊರಡುವ ಅನಿಲ ಅದೇ. ರಸದಲ್ಲಿರುವ ಸಕ್ಕರೆಯನ್ನು ತಿಂದು ಈ ಕಣಗಳು ಆಲ್ಕೊಹಾಲನ್ನೂ ಅನಿಲವನ್ನೂ ಉತ್ಪತ್ತಿಮಾಡುತ್ತವೆ. ಸಾಮಾನ್ಯ ವೈನಿನಲ್ಲಿ ಈ ಅನಿಲ ತೊಟ್ಟಿಯ ಬಾಯಿಂದ ಗಾಳಿಗೆ ಸೇರಿಹೋಗುತ್ತದೆ. ಅದು ಹೋದ ಮೇಲೆ ಉಳಿಯುವುದು ನಿಶ್ಚಲವಾದ ಮದ್ಯ. ಷಾಂಪೇನಿನಲ್ಲಾದರೋ ಒಮ್ಮೆ ಹುದುಗಿ ಶಾಂತವಾದ ವೈನಿಗೆ ಅಷ್ಟಿಷ್ಟು ಸಕ್ಕರೆಯನ್ನೂ ಹುದುಗುಕಣಗಳನ್ನೂ ಮತ್ತೆ ಸೇರಿಸಿ, ಸೀಸೆಗೆ ತುಂಬಿ, ಬಾಯಿ ಮುಚ್ಚಿಬಿಡುತ್ತಾರೆ. ಎರಡನೆಯ ಸಲದ ಉಸಿರಿಗೆ ಹೊರದಾರಿಯಿಲ್ಲ. ಅದು ಮದ್ಯದಲ್ಲಿಯೇ ಕರಗಿ ಕಾದಿರುತ್ತದೆ.

ಒಂದು ಲೀಟರಿನಲ್ಲಿ 4 ಗ್ರಾಂ ಸಕ್ಕರೆ ಹುದುಗಿದರೆ ಮುಚ್ಚಿದ ಸೀಸೆಯೊಳಗೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಹುಟ್ಟುತ್ತದೆ. ಷಾಂಪೇನಿಗೆ ಹಾಕುವುದು ಹೆಚ್ಚುಕಡಿಮೆ 24 ಗ್ರಾಂ. ಅಂದಮೇಲೆ ಒತ್ತಡ ಆರು ವಾಯುಭಾರ, ಮೋಟಾರುಗಾಡಿಯ ಚಕ್ರದಲ್ಲಿರುವ ಗಾಳಿಯ ಒತ್ತಡದ ಎರಡೂವರೆ ಮೂರು ಪಟ್ಟು. ಮುಕ್ಕಾಲು ಲೀಟರಿನ ಆ ಸೀಸೆಯಲ್ಲಿ ಬಿಡುಗಡೆಗೊಂಡರೆ ಐದು ಲೀಟರಿನಷ್ಟು ಜಾಗವನ್ನು ತುಂಬುವ ಅನಿಲ ಅಡಗಿರುತ್ತದೆ.

ನಮ್ಮ ಊರುಗಳ ಗೋಲಿಸೋಡಾವನ್ನು ಇಲ್ಲಿ ನೆನೆಯಬಹುದು. ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಹಕ್ಕುಪತ್ರ ಪಡೆದ ಆ ಸೀಸೆಯಲ್ಲಿ ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುತ್ತದೆ. ಬಹು ಜಾಣತನದ ಯುಕ್ತಿ. ಆದರೆ ಅಲ್ಲಿ ಅನಿಲವನ್ನು ಯಂತ್ರದಿಂದ ಹೊರಗಿನಿಂದ ತುರುಕಿರುತ್ತಾರೆ. ಷಾಂಪೇನಿನ ಅನಿಲ ಆಯಾ ಸೀಸೆಯ ಗರ್ಭದಲ್ಲಿಯೇ ಜನಿಸಿದ್ದು. ಈ ಒಂದು ವ್ಯತ್ಯಾಸಕ್ಕಾಗಿ ಮನುಷ್ಯರು ಪಟ್ಟ ಪಾಡು ಸುಮಾರು ಎರಡು ಶತಮಾನಗಳದು. ಸೋಜಿಗವೆಂದರೆ, ಅದರ ಮೊದಲ ಭಾಗವೆಲ್ಲ ಗುಳ್ಳೆಗಳನ್ನು ತರುವುದಕ್ಕಾಗಿ ಪಟ್ಟ ಪಾಡಲ್ಲ, ಅವನ್ನು ತೊಲಗಿಸುವುದಕ್ಕಾಗಿ ಪಟ್ಟದ್ದು.

ಷಾಂಪೇನ್ ಎಂಬುದು ಮೂಲತಃ ಒಂದು ನಾಡಿನ ಹೆಸರು. ಪ್ಯಾರಿಸ್ಸಿಗೆ ಈಶಾನ್ಯ ದಿಕ್ಕಿನಲ್ಲಿ ಮಾರ್ನ್ ನದಿಯ ಎರಡು ದಂಡೆಗಳಲ್ಲಿ ಹಬ್ಬಿದ ಸೀಮೆ. ರೀಮ್ಸ್ ಮತ್ತು ಎಪೆರ್ನೇ ಅಲ್ಲಿನ ಮುಖ್ಯ ಪಟ್ಟಣಗಳು. ಫ್ರಾನ್ಸಿನ ಅರಸರಿಗೆ ಪಟ್ಟಾಭಿಷೇಕವಾಗುತ್ತಿದ್ದುದು ರೀಮ್ಸಿನ ಮಹಾದೇವಾಲಯದಲ್ಲಿ. ಕೊನೆಯ ಅಭಿಷೇಕ ಹತ್ತನೆಯ ಚಾರ್ಲ್ಸ್ ದೊರೆಯದು, 1825ರಲ್ಲಿ. ನೆಲದ ಕೆಳಗೆ ಆಳಕ್ಕೆ ಬಿಳಿಯ ಸೀಮೆಸುಣ್ಣದ ಕಲ್ಲು. ರೋಮನರ ಕಾಲದಲ್ಲಿ ಕಟ್ಟಡಗಳಿಗಾಗಿ ಆ ಕಲ್ಲನ್ನು ತೋಡಿದ ಗಣಿಗಳು ಮುಂದೆ ಮದ್ಯದ ನೆಲಮಾಳಿಗೆಗಳಾದವು. ಈ ನಾಡಿನ ದೊಡ್ಡ ಕೊರತೆ ಚಳಿ. ದ್ರಾಕ್ಷಿ ಬೆಳೆಯಬಹುದಾದ ಸೀಮೆಗಳ ಉತ್ತರದ ಅಂಚು ಅದು. ಹಣ್ಣು ತಡವಾಗಿ ಮಾಗುತ್ತದೆ, ಹುಳಿ ಹೆಚ್ಚು. ಶರತ್ಕಾಲದಲ್ಲಿ ರಸ ಹಿಂಡಿ ಪೀಪಾಯಿಗೆ ಹಾಕಿ ಹುದುಗು ಪೂರ್ಣಗೊಳ್ಳುವುದರೊಳಗಾಗಿ ಚಳಿಗಾಲ ಬಂದು ಹುದುಗುಕಣಗಳು ಜಡವಾಗಿಬಿಡುತ್ತವೆ. ಕೆಲಸ ಮುಗಿಯಿತೆಂದು ಒಡೆಯ ತಿಳಿಯುತ್ತಾನೆ. ವಸಂತದಲ್ಲಿ ನೆಲ ಬೆಚ್ಚಗಾದಂತೆ ಅವು ಎಚ್ಚರಗೊಂಡು ಉಳಿದ ಸಕ್ಕರೆಯನ್ನು ತಿನ್ನತೊಡಗುತ್ತವೆ. ಸತ್ತಂತಿದ್ದ ಮದ್ಯ ಬುಸುಗುಟ್ಟುತ್ತದೆ.

ಕಾರಣ ತಿಳಿಯದ ಕಾಲದಲ್ಲಿ ಇದು ಒಂದು ರೋಗವೆಂದೇ ಎಣಿಸಲ್ಪಟ್ಟಿತು. ನೆರೆಯ ಬರ್ಗಂಡಿಯ ಕೆಂಪು ಮದ್ಯಕ್ಕೆ ಸರಿಸಾಟಿಯಾದ ಮದ್ಯವನ್ನು ಮಾಡಿ ಅರಮನೆಯನ್ನು ಒಲಿಸಿಕೊಳ್ಳಬೇಕೆಂಬ ಹಂಬಲದಲ್ಲಿದ್ದ ಷಾಂಪೇನಿನವರಿಗೆ ವಸಂತದ ಈ ಉಕ್ಕು ಅವಮಾನಕರವಾಗಿತ್ತು. ನೊರೆಯೇಳುವ ಮದ್ಯ ಕೆಟ್ಟ ಕೈಯ ಗುರುತು.

ಇಲ್ಲಿ ಡಾಂ ಪೆರಿನ್ಯೋನ್ ಪ್ರವೇಶಿಸುತ್ತಾನೆ. ಲೋಕವೆಲ್ಲ ಬಲ್ಲ ಕಥೆ ಹೀಗಿದೆ: ಓವಿಲೇ ಎಂಬ ಹಳ್ಳಿಯ ಮಠದಲ್ಲಿ ಒಬ್ಬ ಕುರುಡ ಸಂನ್ಯಾಸಿಯಿದ್ದ; ಆತ ನೊರೆಯುಕ್ಕುವ ಮದ್ಯವನ್ನು ಕಂಡುಹಿಡಿದ; ಮೊದಲ ಗುಟುಕನ್ನು ಹೀರಿ, ತಾನು ನಕ್ಷತ್ರಗಳನ್ನು ಕುಡಿಯುತ್ತಿರುವುದಾಗಿ ಸೋದರ ಸಂನ್ಯಾಸಿಗಳನ್ನು ಕೂಗಿ ಕರೆದ. ಸೊಗಸಾದ ಕಥೆ. ಇದರಲ್ಲಿ ನಿಜವಾದದ್ದು ಸಂನ್ಯಾಸಿ ಮತ್ತು ಮಠ, ಎರಡೇ. ಪಿಯೆರ್ ಪೆರಿನ್ಯೋನ್ ಹುಟ್ಟಿದ್ದು 1638ರ ಸುಮಾರಿಗೆ. ಬೆನೆಡಿಕ್ಟ್ ಪಂಥದ ಸಂನ್ಯಾಸಿಯಾಗಿ 1668ರಲ್ಲಿ ಓವಿಲೇ ಮಠದ ಉಗ್ರಾಣದ ಪಾರುಪತ್ಯಗಾರನಾದ. ಹದಿನಾಲ್ಕನೆಯ ಲೂಯಿ ದೊರೆ ತೀರಿಕೊಂಡ 1715ರಲ್ಲಿಯೇ ಅವನೂ ತೀರಿಕೊಂಡ. ಮಠದ ಆದಾಯ ದ್ರಾಕ್ಷಿಯ ತೋಟಗಳನ್ನು ಅವಲಂಬಿಸಿದ್ದುದರಿಂದ ಮದ್ಯದ ಗುಣವನ್ನು ಹೆಚ್ಚಿಸುವುದು ಅವನ ಕರ್ತವ್ಯವಾಗಿತ್ತು. ಅದನ್ನು ಅವನು ಅಪೂರ್ವ ಶ್ರದ್ಧೆಯಿಂದ ಮಾಡಿದ. ತಂಪು ಹೊತ್ತಿನಲ್ಲಿ ಹಣ್ಣು ಬಿಡಿಸುವುದು, ಜಜ್ಜಿದ ಹಣ್ಣನ್ನು ಎಸೆಯುವುದು, ಕರಿಯ ದ್ರಾಕ್ಷಿಯನ್ನು ಮೆಲ್ಲನೆ ಬೇಗನೆ ಹಿಂಡಿ ಸಿಪ್ಪೆಯ ಬಣ್ಣವಿಳಿಯದಂತೆ ಬಿಳಿಯ ರಸವನ್ನು ಪಡೆಯುವುದು, ಬೇರೆ ಬೇರೆ ತೋಟಗಳ ಹಣ್ಣುಗಳನ್ನು ಹದವರಿತು ಬೆರೆಸುವುದು, ಇವು ಅವನ ಸಾಧನೆಗಳು. ಇಂದಿಗೂ ಷಾಂಪೇನಿನ ಕಸಬಿನ ಬೆನ್ನೆಲುಬು ಈ ಬೆರಕೆಯ ಕಲೆಯೇ. ಗುಳ್ಳೆಗಳ ವಿಷಯದಲ್ಲಾದರೋ ಅವನು ತನ್ನ ಕಾಲದ ಉಳಿದವರಂತೆ ಅವನ್ನು ಅಡಗಿಸಲು ಹೆಣಗಿದವನು.

ಹಾಗಾದರೆ ಕಥೆ ಎಲ್ಲಿಂದ ಬಂತು? ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಮಠ ಮುಚ್ಚಿಹೋಯಿತು. ಅಲ್ಲಿದ್ದ ಗ್ರೊಸ್ಸಾರ್ ಎಂಬ ಹಿರಿಯ ಸಂನ್ಯಾಸಿ 1821ರಲ್ಲಿ, ಎಂದರೆ ಪೆರಿನ್ಯೋನ್ ಸತ್ತು ನೂರು ವರ್ಷಗಳು ಕಳೆದ ಮೇಲೆ, ಒಂದು ಪತ್ರ ಬರೆದು ನೊರೆಮದ್ಯದ ರಹಸ್ಯವನ್ನು ಕಂಡವನು ತಮ್ಮ ಪಾರುಪತ್ಯಗಾರನೇ ಎಂದು ಸಾರಿದ. ಅಳಿದುಹೋದ ಮಠದ ಕೀರ್ತಿಯನ್ನಾದರೂ ಉಳಿಸಬೇಕೆಂಬ ಆ ಮುದುಕನ ಆಸೆಯನ್ನು ನಾನು ನಿಂದಿಸಲಾರೆ. ಆದರೆ ವ್ಯಾಪಾರಿಗಳಿಗೆ ಅದು ವರವಾಯಿತು. ನಕ್ಷತ್ರಗಳ ಮಾತಂತೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಜಾಹೀರಾತುಗಳಿಗಿಂತ ಹಿಂದಕ್ಕೆ ಹೋಗುವುದಿಲ್ಲ. 1921ರ ಬೆಳೆಯಿಂದ ತಯಾರಿಸಿ 1936ರಲ್ಲಿ ಮಾರಾಟಕ್ಕೆ ತಂದ ದುಬಾರಿ ಷಾಂಪೇನ್ ಒಂದಕ್ಕೆ ಆ ಸಂನ್ಯಾಸಿಯ ಹೆಸರನ್ನೇ ಇಟ್ಟರು. ಇಂದಿಗೂ ಅದು ಜಗತ್ತಿನ ಅತಿ ಪ್ರಸಿದ್ಧ ನೊರೆಮದ್ಯಗಳಲ್ಲೊಂದು.

ನಮಗೆ ಇದು ಹೊಸದಲ್ಲ. ಹೊಯ್ಸಳರ ಕಾಲದ ಯಾವ ಗುಡಿಯನ್ನು ತೋರಿಸಿ ಕಟ್ಟಿದವರಾರೆಂದು ಕೇಳಿದರೂ ಜಕಣಾಚಾರಿ ಎಂದು ಉತ್ತರ ಬರುತ್ತದೆ. ಬೇಲೂರಿನ ಕಲ್ಲುಗಳಲ್ಲಿಯೋ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ತಾವೇ ಕೊರೆದುಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ಓದಬಲ್ಲವರ ಕಣ್ಣೆದುರಿಗೇ ಅಕ್ಷರಗಳಿದ್ದರೂ ಜನಮನಸ್ಸಿಗೆ ಬೇಕಾದದ್ದು ಒಬ್ಬನೇ ಒಬ್ಬ ಮಹಾಪುರುಷ. ಷಾಂಪೇನಿನವರಿಗೆ ಪೆರಿನ್ಯೋನ್ ಅಂಥ ಜಕಣಾಚಾರಿ. ಅಲ್ಲಿಯೂ ದಾಸೋಜರು, ಮಲ್ಲಿತಮ್ಮರು ಇದ್ದರು. ಅವರನ್ನು ಹುಡುಕುತ್ತ ಹೋದರೆ ಮೊದಲು ನಮ್ಮನ್ನು ಎದುರುಗೊಳ್ಳುವವನು ಫ್ರಾನ್ಸಿನವನೇ ಅಲ್ಲ.

ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1662ರ ಡಿಸೆಂಬರಿನಲ್ಲಿ ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯ ಒಂದು ಪ್ರಬಂಧವನ್ನು ಮಂಡಿಸಿದ. ವೈನ್ ವ್ಯಾಪಾರಿಗಳ ಕೈಚಳಕಗಳೇ ಅದರ ವಿಷಯ. ಎಲ್ಲ ಬಗೆಯ ವೈನುಗಳಿಗೂ ಧಾರಾಳವಾಗಿ ಸಕ್ಕರೆ, ಕಾಕಂಬಿಗಳನ್ನು ಸೇರಿಸಿ ಅವು ಚುರುಕಾಗಿ ನೊರೆಯೇಳುವಂತೆ ಮಾಡುವ ವಾಡಿಕೆ ಇತ್ತೀಚೆಗೆ ಬಂದಿದೆಯೆಂದು ಆತ ಹೇಳುತ್ತಾನೆ. ಪೆರಿನ್ಯೋನ್ ಓವಿಲೇ ಮಠದ ಉಗ್ರಾಣದ ಕೀಲಿಕೈಯನ್ನು ಪಡೆಯುವುದಕ್ಕೆ ಇನ್ನೂ ಆರು ವರ್ಷವಿತ್ತು! ಮುಗಿದ ಮದ್ಯಕ್ಕೆ ಸಕ್ಕರೆ ಹಾಕಿ ಎರಡನೆಯ ಹುದುಗನ್ನು ಬೇಕೆಂದೇ ಎಬ್ಬಿಸುವುದು, ಅಂದರೆ ಇಂದಿನ ಷಾಂಪೇನಿನ ಮೂಲಸೂತ್ರ, ಇಂಗ್ಲೆಂಡಿನ ಪೀಪಾಯಿ ಕೆಲಸಗಾರರ ಕೈಯಲ್ಲಿ ಆಗಲೇ ಇತ್ತು. ಅವರ ಹೆಸರುಗಳು ನಮಗೆ ದೊರೆತಿಲ್ಲ.

ಮೆರೆಟ್ ಅದೇ 1662ರಲ್ಲಿ ಇನ್ನೊಂದು ಕೆಲಸವನ್ನೂ ಮಾಡಿದ: ಗಾಜಿನ ತಯಾರಿಕೆಯ ಬಗ್ಗೆ ಇಟಲಿಯ ಆಂತೋನಿಯೋ ನೇರಿ ಬರೆದಿದ್ದ ಗ್ರಂಥವನ್ನು ಇಂಗ್ಲಿಷಿಗೆ ತಂದ. ಮದ್ಯವೂ ಗಾಜೂ ಒಬ್ಬನ ಬರವಣಿಗೆಯಲ್ಲಿ ಒಂದೇ ವರ್ಷ ಸಂಧಿಸಿದ್ದು ಕಾಕತಾಳೀಯವಿರಬಹುದು. ಆದರೆ ಷಾಂಪೇನಿನ ಮಟ್ಟಿಗೆ ಅವೆರಡರ ಸಂಬಂಧ ಕಾಕತಾಳೀಯವಲ್ಲ. ಹಡಗು ಕಟ್ಟಲು ಮರ ಸಾಲದೆಂದು ಇಂಗ್ಲೆಂಡಿನ ಜೇಮ್ಸ್ ದೊರೆ 1615ರಲ್ಲಿ ಗಾಜಿನ ಕುಲುಮೆಗಳಲ್ಲಿ ಸೌದೆ ಉರಿಸುವುದನ್ನು ನಿಷೇಧಿಸಿದ್ದ. ಗಾಜಿನವರು ಕಲ್ಲಿದ್ದಲಿಗೆ ತಿರುಗಿದರು. ಅದರ ಉರಿ ಹೆಚ್ಚು ತೀಕ್ಷ್ಣ. ಹುಟ್ಟಿದ ಗಾಜು ಕಪ್ಪಗೆ, ದಪ್ಪಗೆ, ಅತಿ ಗಟ್ಟಿಯಾಗಿತ್ತು. ಫ್ರೆಂಚರು ಅದನ್ನು ಇಂಗ್ಲಿಷ್ ಗಾಜು ಎಂದೇ ಕರೆದರು. ಅವರ ಸೀಸೆಗಳು ಆಗ ಸೌದೆಯ ಉರಿಯಲ್ಲಿ ಬೆಂದ ತೆಳುಗಾಜಿನವು. ಬಾಯಿಗೆ ಎಣ್ಣೆಯಲ್ಲದ್ದಿದ ಸೆಣಬು ಸುತ್ತಿದ ಮರದ ಗೂಟ. ಇಂಗ್ಲೆಂಡಿನವರಿಗೆ ಸ್ಪೇನ್, ಪೋರ್ಚುಗಲ್ಲುಗಳಿಂದ ಬೆಂಡಿನಂಥ ಕಾರ್ಕ್ ತೊಗಟೆಯ ಬಿರಡೆ ದೊರೆಯುತ್ತಿತ್ತು. ಗುಳ್ಳೆಗಳನ್ನು ಸೆರೆಹಿಡಿಯಬಲ್ಲ ಸೆರೆಮನೆ ಮೊದಲು ಸಿದ್ಧವಾದದ್ದು ಕಡಲಿನಾಚೆ. ಷಾಂಪೇನಿನಿಂದ ಪೀಪಾಯಿಗಳಲ್ಲಿ ಬಂದ ಮದ್ಯವನ್ನು ಇಂಗ್ಲಿಷರು ತಮ್ಮ ಸೀಸೆಗಳಲ್ಲಿ ತುಂಬಿಟ್ಟರು, ವಸಂತದಲ್ಲಿ ಅದು ನೊರೆಗೊಂಡಿತು, ಅವರಿಗೆ ಅದೇ ರುಚಿಸಿತು. ಮಾಡಿದವರು ದೋಷವೆಂದು ಹಳಿದುಕೊಂಡದ್ದನ್ನು ಕುಡಿದವರು ಗುಣವೆಂದು ಕೊಂಡಾಡಿದರು.

ಅಲ್ಲಿಂದ ಮುಂದೆ ಫ್ರಾನ್ಸಿನ ರಾಜಸಭೆಗೂ ಈ ಹುಚ್ಚು ಹಿಡಿಯಿತು. 1728ರಲ್ಲಿ ಹದಿನೈದನೆಯ ಲೂಯಿಯ ರಾಜಾಜ್ಞೆಯೊಂದು ಷಾಂಪೇನಿನ ಮದ್ಯವನ್ನು ಸೀಸೆಗಳಲ್ಲಿಯೇ ಸಾಗಿಸಲು ಅನುಮತಿಯಿತ್ತಿತು. ಅದಕ್ಕೆ ಮುಂಚೆ ಪೀಪಾಯಿಯಲ್ಲಿ ಮಾತ್ರ ಸಾಗಿಸಬೇಕಾಗಿತ್ತು. ಮರುವರ್ಷವೇ ರುಯಿನಾರ್ ಮನೆತನದ ಷಾಂಪೇನ್ ವ್ಯಾಪಾರ ಆರಂಭವಾಯಿತು. 1735ರ ಇನ್ನೊಂದು ಆಜ್ಞೆ ಸೀಸೆಯ ತೂಕ, ಅಳತೆ, ಬಿರಡೆಯನ್ನು ಹುರಿಯಿಂದ ಬಿಗಿಯುವ ಕ್ರಮ ಇವನ್ನೆಲ್ಲ ಗೊತ್ತುಪಡಿಸಿತು.

ರಾಜಾಜ್ಞೆಯಿಂದ ಗಾಜು ಗಟ್ಟಿಯಾಗಲಿಲ್ಲವೆಂಬುದು ಬೇರೆ ಮಾತು. ಸೀಸೆಗೆ ಎಷ್ಟು ಸಕ್ಕರೆ ಹೋಗುತ್ತಿದೆ, ಎಷ್ಟು ಒತ್ತಡ ಹುಟ್ಟೀತು ಎಂಬುದು ಯಾರಿಗೂ ತಿಳಿಯದು. ವಸಂತ ಕಾಲಿಟ್ಟೊಡನೆ ನೆಲಮಾಳಿಗೆಗಳಲ್ಲಿ ಸೀಸೆಗಳು ಸಿಡಿಯತೊಡಗುತ್ತಿದ್ದವು. ಒಂದು ಸಿಡಿದರೆ ಅದರ ಚೂರು ನೆರೆಯದನ್ನು ಒಡೆದು, ಅದು ಮತ್ತೊಂದನ್ನು ಒಡೆದು, ಸಾಲಿಗೆ ಸಾಲೇ ಹಾರಿಹೋಗುತ್ತಿತ್ತು. ಒಂದು ಋತುವಿನಲ್ಲಿ ಅರ್ಧಕ್ಕರ್ಧ ಸೀಸೆಗಳು ಒಡೆಯುವುದು ಅಪರೂಪವಾಗಿರಲಿಲ್ಲ. ಈ ನಷ್ಟವನ್ನು ಒಡೆಯರು ಬೆಲೆಯಲ್ಲಿ ಸೇರಿಸಿ ವಸೂಲುಮಾಡಿಕೊಂಡರು. ಮಾಳಿಗೆಯಲ್ಲಿ ದುಡಿಯುವವರು ಮುಖಕ್ಕೆ ಕಬ್ಬಿಣದ ತಂತಿಯ ಮುಸುಕು ಹಾಕಿಕೊಂಡು ಇಳಿಯುತ್ತಿದ್ದರು. ದೀಪದ ಮಸಕು ಬೆಳಕು, ಸೀಮೆಸುಣ್ಣದ ತಣ್ಣನೆಯ ಗೋಡೆ, ಕಾಲ ಕೆಳಗೆ ಗಾಜಿನ ಪುಡಿ, ಚೆಲ್ಲಿದ ಮದ್ಯದ ಘಾಟು, ಯಾವ ಗಳಿಗೆಯಲ್ಲಿ ಯಾವ ಮೂಲೆಯಿಂದ ಸಿಡಿದೀತೋ ಎಂಬ ಭಯ. ಕಣ್ಣು ಕಳೆದುಕೊಂಡವರು, ಕೈಮುಖಗಳಲ್ಲಿ ಗಾಯದ ಗುರುತು ಹೊತ್ತವರು ಆ ಕಸಬಿನಲ್ಲಿ ಸಾಮಾನ್ಯರಾಗಿದ್ದರು. ಪ್ಯಾರಿಸ್ಸಿನ ಭೋಜನಶಾಲೆಯ ಒಂದು ವಿನೋದದ ಸಿಡಿತಕ್ಕೆ ಹಿನ್ನೆಲೆಯಾಗಿ ಈ ಇನ್ನೊಂದು ಸಿಡಿತವಿತ್ತು.

ಇದಕ್ಕೆ ಪರಿಹಾರ ಒದಗಿದ್ದು ಒಬ್ಬ ಔಷಧ ವ್ಯಾಪಾರಿಯಿಂದ. ಷಾಲೋನ್ ಪಟ್ಟಣದ ಜ್ಯಾನ್ ಬಾಪ್ಟಿಸ್ಟ್ ಫ್ರಾನ್ಸ್ವಾ ಎಂಬಾತ 1836ರಲ್ಲಿ, ಮದ್ಯದಲ್ಲಿ ಉಳಿದಿರುವ ಸಕ್ಕರೆಯನ್ನು ಅಳೆದು, ಒಡೆಯದಷ್ಟು ಮಾತ್ರ ಒತ್ತಡ ಹುಟ್ಟಲು ಇನ್ನೆಷ್ಟು ಸಕ್ಕರೆ ಸೇರಿಸಬೇಕೆಂಬ ಲೆಕ್ಕವನ್ನು ಪ್ರಕಟಿಸಿದ. ಲೂಯಿ ಪಾಸ್ಚರ್ ಹುದುಗು ಜೀವಿಗಳ ವ್ಯಾಪಾರವೆಂದು ತೋರಿಸಿಕೊಟ್ಟದ್ದು ಇದಕ್ಕೂ ಎರಡು ದಶಕಗಳ ಆಚೆಗೆ, 1857ರಿಂದ ಮುಂದೆ. ಕಾರಣವನ್ನರಿಯದೆಯೇ ಫ್ರಾನ್ಸ್ವಾ ಪರಿಮಾಣವನ್ನು ಅರಿತ. ಅವನ ಲೆಕ್ಕ ಬಳಕೆಗೆ ಬಂದಂತೆ ಒಡೆಯುವ ಸೀಸೆಗಳು ಕಡಿಮೆಯಾಗುತ್ತ ಹೋದವು. ಎಷ್ಟು ಜನರ ಕಣ್ಣುಗಳು ಉಳಿದಿರಬೇಕು! ಅವನ ಹೆಸರಿನ ಷಾಂಪೇನ್ ಯಾವುದೂ ಪ್ರಸಿದ್ಧವಾಗಿಲ್ಲ. ಬಿರಡೆಯ ಮೇಲಿನ ತಂತಿಯ ಬಲೆ ಅಡಾಲ್ಫ್ ಜಾಕೆಸ್ಸೋನ್ 1844ರಲ್ಲಿ ಹಕ್ಕುಪತ್ರ ಪಡೆದ ಸಾಧನ.

ಇನ್ನು ಗಸಿಯ ಪ್ರಶ್ನೆ. ಮುಚ್ಚಿದ ಸೀಸೆಯಲ್ಲಿ ಹುದುಗುಕಣಗಳು ಕೆಲಸ ಮುಗಿಸಿ ಸತ್ತು ತಳದಲ್ಲಿ ಮಡ್ಡಿಯಾಗಿ ಕೂರುತ್ತವೆ. ಬೇರೆ ಮದ್ಯಗಳನ್ನು ತಿಳಿಯಾಗಿ ಬಸಿದುಕೊಳ್ಳಬಹುದು. ಇದನ್ನು ಬಸಿಯಲು ಬಾಯಿ ತೆರೆದರೆ ಗುಳ್ಳೆಗಳೇ ಹೋಗುತ್ತವೆ. ಬಸಿಯದಿದ್ದರೆ ಮದ್ಯ ಕದಡು.

ರೀಮ್ಸಿನ ಬಾರ್ಬ್ ನಿಕೋಲ್ ಪೊನ್ಸಾರ್ದಾಂ ಎಂಬವಳು 1805ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ವಿಧವೆಯಾದಳು. ಕೈಯಲ್ಲಿ ಎಳೆಯ ಮಗಳು. ಗಂಡ ಬಿಟ್ಟುಹೋದ, ಅಷ್ಟೇನೂ ಭದ್ರವಲ್ಲದ ಮದ್ಯದ ವ್ಯಾಪಾರ. ನೆಪೋಲಿಯನ್ನನ ಹೊಸ ಕಾನೂನು ಮದುವೆಯಾದ ಹೆಂಗಸಿಗೆ ಸ್ವತಂತ್ರ ವ್ಯವಹಾರದ ಅಧಿಕಾರ ಕೊಟ್ಟಿರಲಿಲ್ಲ. ವಿಧವೆಗೆ ಅದಿತ್ತು. ವೈಧವ್ಯ ಹೆಣ್ಣಿನಿಂದ ಏನೆಲ್ಲವನ್ನು ಕಸಿದುಕೊಳ್ಳುತ್ತಿತ್ತೆಂಬುದನ್ನು ನಮ್ಮ ಕಾದಂಬರಿಗಳಲ್ಲಿ ಓದಿ ಬೆಳೆದ ನನ್ನಂಥವನಿಗೆ, ಅದೇ ವೈಧವ್ಯ ಒಬ್ಬಳಿಗೆ ವ್ಯಾಪಾರದ ಬಾಗಿಲನ್ನು ತೆರೆದದ್ದು ಓದುತ್ತ ಓದುತ್ತ ನಿಲ್ಲಿಸಿ ಯೋಚಿಸುವಂತೆ ಮಾಡಿತು. ಮಾವನನ್ನು ಒಪ್ಪಿಸಿ ಅವನಿಂದ ಬಂಡವಾಳ ಪಡೆದು ಆಕೆ ವ್ಯಾಪಾರಕ್ಕಿಳಿದಳು. ಫ್ರೆಂಚಿನಲ್ಲಿ ವಿಧವೆಗೆ ವವ್ ಎನ್ನುತ್ತಾರೆ. ವವ್ ಕ್ಲಿಕೋ, ಕ್ಲಿಕೋ ವಿಧವೆ, ಎಂಬುದೇ ಆ ಮದ್ಯದ ಹೆಸರಾಗಿ ನಿಂತಿತು. ಯುದ್ಧಗಳಿಂದ ಯೂರೋಪಿನ ಮಾರುಕಟ್ಟೆಗಳೆಲ್ಲ ಮುಚ್ಚಿದ್ದ ಕಾಲ. 1814ರಲ್ಲಿ ನೆಪೋಲಿಯನ್ ಪದಚ್ಯುತನಾದನೋ ಇಲ್ಲವೋ, ಪ್ರತಿಸ್ಪರ್ಧಿಗಳು ಕಣ್ಣು ಬಿಡುವುದರೊಳಗಾಗಿ ಹತ್ತು ಸಾವಿರಕ್ಕೂ ಮಿಕ್ಕ ಸೀಸೆಗಳು ಅವಳ ಗುಮಾಸ್ತೆಯೊಂದಿಗೆ ಹಡಗೇರಿ ಕೋನಿಗ್ಸ್‌ಬರ್ಗ್ ಬಂದರಿನ ಮಾರ್ಗವಾಗಿ ರಷ್ಯಾದತ್ತ ಹೊರಟಿದ್ದವು. 1811ರಲ್ಲಿ ಧೂಮಕೇತು ಕಾಣಿಸಿಕೊಂಡ ವರ್ಷದ ಬೆಳೆಯ ಮದ್ಯ ಅದು. ನಮ್ಮಲ್ಲಿ ಧೂಮಕೇತು ಅನಿಷ್ಟ. ದ್ರಾಕ್ಷಿಗೆ ಅದು ಮಹಾಯೋಗವೆಂದು ಅಲ್ಲಿನವರ ನಂಬಿಕೆ.

ರಷ್ಯನರ ಬೇಡಿಕೆ ತಿಳಿಯಾದ ಮದ್ಯಕ್ಕೆ. ಆಕೆ ತನ್ನ ಮನೆಯ ಮೇಜಿಗೇ ರಂಧ್ರಗಳನ್ನು ಕೊರೆಸಿ ಸೀಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿದಳೆಂದು ಪ್ರತೀತಿ. ದಿನವೂ ಪ್ರತಿಯೊಂದು ಸೀಸೆಯನ್ನು ತುಸು ಅಲುಗಿಸಿ, ತುಸು ತಿರುಗಿಸಿದರೆ ವಾರಗಳು ಕಳೆದಂತೆ ಗಸಿಯೆಲ್ಲ ಜಾರಿ ಬಿರಡೆಯ ಮೇಲೆ ಬಂದು ಕೂರುತ್ತದೆ. ಆಗ ಬಿರಡೆಯನ್ನು ಸರ್ರನೆ ತೆಗೆದರೆ ಒಳಗಿನ ಒತ್ತಡವೇ ಗಸಿಯನ್ನು ಹೊರಗೆ ಚಿಮ್ಮುತ್ತದೆ. ಕ್ಷಣಾರ್ಧದಲ್ಲಿ ಸೀಸೆಯನ್ನು ನೆಟ್ಟಗೆ ಮಾಡಿ, ಸಿಹಿಯನ್ನು ಕೂಡಿಸಿ, ಹೊಸ ಬಿರಡೆ ಜಡಿಯಬೇಕು. 1816ರ ಸುಮಾರಿಗೆ ಇದು ಕ್ರಮಬದ್ಧವಾಯಿತು. ರಂಧ್ರಗಳನ್ನು ಓರೆಯಾಗಿ ಕೊರೆದು ವಿಧಾನವನ್ನು ಪಕ್ವಗೊಳಿಸಿದವನು ಅವಳ ನೆಲಮಾಳಿಗೆಯ ಮೇಲ್ವಿಚಾರಕ ಆಂತ್ವಾನ್ ಮ್ಯೂಲರ್. ಕತ್ತಲೆಯಲ್ಲಿ ನಿಂತು ಎರಡು ಕೈಗಳಿಂದ ದಿನಕ್ಕೆ ಹತ್ತಾರು ಸಾವಿರ ಸೀಸೆಗಳನ್ನು ತಿರುಗಿಸುವುದು ಒಂದು ಪ್ರತ್ಯೇಕ ಕಸಬೇ ಆಯಿತು. 1970ರ ದಶಕದಿಂದೀಚೆಗೆ ಬಂದ ಯಂತ್ರಗಳು ಈಗ ಬಹುಪಾಲು ಆ ಕೆಲಸವನ್ನು ಮಾಡುತ್ತವೆ.

ಕೊನೆಯಲ್ಲಿ ಸೇರಿಸುವ ಸಿಹಿಯ ಬಗ್ಗೆ ಒಂದು ಮಾತು. ರಷ್ಯಾಕ್ಕೆ ಹೋಗುತ್ತಿದ್ದ ಷಾಂಪೇನಿನಲ್ಲಿ ಲೀಟರಿಗೆ 200 ಗ್ರಾಂ ಮೀರಿ ಸಕ್ಕರೆಯಿರುತ್ತಿತ್ತಂತೆ. ಅದನ್ನು ಮದ್ಯವೆನ್ನುವುದಕ್ಕಿಂತ ಪಾನಕವೆನ್ನುವುದೇ ಲೇಸು. ಇಂಗ್ಲಿಷರು ಸಿಹಿಯಿಲ್ಲದ್ದನ್ನು ಕೇಳಿದರು. ಪೊಮ್ಮೆರಿ ಎಂಬ ಇನ್ನೊಬ್ಬ ವಿಧವೆ 1874ರ ಬೆಳೆಯಿಂದ ಅಂಥದನ್ನು ಮಾಡಿ ಗೆದ್ದಳು. ಇಂದು ಹೆಚ್ಚು ಮಾರಾಟವಾಗುವುದು ಬ್ರೂಟ್ ಎಂಬ ಬಗೆ. ಅದರಲ್ಲಿ ಸಕ್ಕರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ.

ಸೀಸೆಯನ್ನು ಒಂದೊಂದಾಗಿ ಹುದುಗಿಸುವ ಈ ತಾಪತ್ರಯವಿಲ್ಲದೆಯೇ ನೊರೆಮದ್ಯ ಮಾಡಬಹುದು. ಇಟಲಿಯ ಮಾರ್ತಿನೋತ್ತಿ 1895ರಲ್ಲಿ ತೋರಿಸಿದ ಕ್ರಮದಲ್ಲಿ ಎರಡನೆಯ ಹುದುಗು ಮುಚ್ಚಿದ ದೊಡ್ಡ ತೊಟ್ಟಿಯಲ್ಲಿ ನಡೆಯುತ್ತದೆ; ಪ್ರೊಸೆಕ್ಕೊ ಎಂಬ ಹೆಸರುವಾಸಿಯಾದ ಮದ್ಯ ಬಹುಮಟ್ಟಿಗೆ ಹೀಗೆ ಆಗುವುದು. ಅಗ್ಗದ ಬಗೆಗಳಿಗೆ ಸೋಡಾದಂತೆ ಅನಿಲ ತುಂಬುವುದೂ ಉಂಟು. ಆದರೆ ಷಾಂಪೇನಿನಲ್ಲಿ ಮದ್ಯ ಸತ್ತ ಹುದುಗುಕಣಗಳ ಮೇಲೆಯೇ ತಿಂಗಳುಗಟ್ಟಲೆ ಮಲಗಿರುತ್ತದೆ. ಕಣಗಳು ನಿಧಾನವಾಗಿ ಕರಗಿ ಮದ್ಯಕ್ಕೆ ಹೊಸದಾಗಿ ಸುಟ್ಟ ರೊಟ್ಟಿಯಂಥ ಪರಿಮಳವನ್ನು ಕೊಡುತ್ತವೆಂದು ಬಲ್ಲವರ ಮಾತು. ಬೆಳೆಯ ವರ್ಷವನ್ನು ನಮೂದಿಸದ ಷಾಂಪೇನ್ ಸೀಸೆಯಲ್ಲಿ ಕನಿಷ್ಠ 15 ತಿಂಗಳು, ನಮೂದಿಸಿದ್ದು ಕನಿಷ್ಠ 3 ವರ್ಷ ಇರಲೇಬೇಕೆಂಬುದು ನಿಯಮ.

ಈ ನಿಯಮಗಳ ಹಿಂದೆಯೂ ರಕ್ತಕಣ್ಣೀರಿನ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೀಮ್ಸ್, ಎಪೆರ್ನೇಗಳ ವ್ಯಾಪಾರಿ ಮನೆತನಗಳು ಕುಬೇರರಾದವು. ದ್ರಾಕ್ಷಿ ಬೆಳೆಯುವ ರೈತರು ಆ ಮನೆತನಗಳು ಹೇಳಿದ ಬೆಲೆಗೆ ಹಣ್ಣು ಮಾರುವವರಾಗಿಯೇ ಉಳಿದರು. 1890ರಲ್ಲಿ ಬೇರು ತಿನ್ನುವ ಫಿಲಾಕ್ಸೆರಾ ಹುಳು ಆ ಸೀಮೆಗೆ ಕಾಲಿಟ್ಟಿತು. ಮೇಲಿಂದ ಮೇಲೆ ಬೆಳೆ ಕೆಟ್ಟು 1910ರಲ್ಲಿ ಕೈಗೆ ಬಂದದ್ದು ಬಹುತೇಕ ಸೊನ್ನೆ. ವ್ಯಾಪಾರಿಗಳಿಗೆ ಅದರಿಂದ ತೊಂದರೆಯಾಗಲಿಲ್ಲ. ರೈಲಿನಲ್ಲಿ ದೂರದ ಸೀಮೆಗಳಿಂದ ಅಗ್ಗದ ಮದ್ಯ ತರಿಸಿ, ನೊರೆ ಬರಿಸಿ, ಷಾಂಪೇನ್ ಎಂಬ ಹೆಸರಿನಲ್ಲಿ ಮಾರಿದರು. ತಮ್ಮ ಮಣ್ಣಿನ ಹೆಸರನ್ನು ತಮ್ಮ ಕಣ್ಣೆದುರಿಗೇ ಇನ್ನಾರದೋ ಹಣ್ಣಿಗೆ ಅಂಟಿಸುವುದನ್ನು ರೈತರು ಹಸಿದ ಹೊಟ್ಟೆಯಲ್ಲಿ ನೋಡಬೇಕಾಯಿತು. 1911ರ ಜನವರಿಯಲ್ಲಿ ಅವರ ತಾಳ್ಮೆ ಕಟ್ಟೊಡೆಯಿತು. ದಾಮೆರಿಯಲ್ಲಿ, ಪೆರಿನ್ಯೋನನ ಅದೇ ಓವಿಲೇಯಲ್ಲಿ, ಹೊರಗಿನಿಂದ ಬಂದ ಸರಕನ್ನು ತಡೆದು ಮಾರ್ನ್ ನದಿಗೆ ನೂಕಿದರು.

ಯಾವ ಊರುಗಳು ಷಾಂಪೇನಿನೊಳಗೆ, ಯಾವುವು ಹೊರಗೆ ಎಂಬ ಜಗಳ ಬೇರೆ. 1908ರಲ್ಲಿ ಎಳೆದ ಗಡಿ ದಕ್ಷಿಣದ ಓಬ್ ಪ್ರಾಂತವನ್ನು ಹೊರಗಿಟ್ಟಿತ್ತು. ಷಾಂಪೇನಿನ ಹಳೆಯ ರಾಜಧಾನಿಯಾದ ತ್ರ್ವಾ ಪಟ್ಟಣವಿರುವುದು ಆ ಪ್ರಾಂತದಲ್ಲಿಯೇ! ಅಲ್ಲಿನ ರೈತರು ಬೀದಿಗಿಳಿದರು. 1911ರ ಏಪ್ರಿಲಿನಲ್ಲಿ ಶಾಸನಸಭೆ ಗಡಿಯನ್ನೇ ರದ್ದುಮಾಡಲು ಹೊರಟಾಗ ಮಾರ್ನಿನ ರೈತರು ಕೆರಳಿ ಅಯಿ ಎಂಬ ಊರಿನ ವ್ಯಾಪಾರಿಗಳ ಮಾಳಿಗೆಗಳಿಗೆ ಬೆಂಕಿಯಿಟ್ಟರು. ಬೀದಿಗಳಲ್ಲಿ ಮದ್ಯ ಹರಿಯಿತು. ಸಾವಿರಾರು ಸೈನಿಕರು ಬಂದು ನೆಲಸಿದರು. ವಿವಾದ ಬಗೆಹರಿಯುವ ಮೊದಲೇ ಮಹಾಯುದ್ಧ ಬಂತು. 1914ರ ಸೆಪ್ಟೆಂಬರ್ 19ರಂದು ರೀಮ್ಸಿನ ಮಹಾದೇವಾಲಯ ಗುಂಡಿನ ದಾಳಿಗೆ ಹೊತ್ತಿ ಉರಿಯಿತು. ಊರಿನ ಜನ ಮದ್ಯದ ಮಾಳಿಗೆಗಳಿಗೆ ಇಳಿದರು. ಒಂದು ಕಾಲಕ್ಕೆ ಸೀಸೆಗಳು ಸಿಡಿದು ಮನುಷ್ಯರನ್ನು ಅಂಜಿಸಿದ್ದ ಆ ಸೀಮೆಸುಣ್ಣದ ಗುಹೆಗಳಲ್ಲಿಯೇ ಈಗ ಮೇಲಿನ ಸಿಡಿಲಿಗಂಜಿದವರಿಗೆ ಆಶ್ರಯ. ಅಲ್ಲಿ ಶಾಲೆಗಳು ನಡೆದವು, ಪೂಜೆಗಳು ನಡೆದವು. ಆ ವರ್ಷದ ಸುಗ್ಗಿಯನ್ನು ಫಿರಂಗಿಗಳ ಶಬ್ದದ ನಡುವೆ ಹೆಂಗಸರು, ಮುದುಕರು, ಮಕ್ಕಳು ಮಾಡಿ ಮುಗಿಸಿದರು.

ಗಡಿಯ ಜಗಳಕ್ಕೆ 1927ರ ಕಾನೂನು ತೆರೆಯೆಳೆಯಿತು. ಓಬ್ ಒಳಗೆ ಬಂತು. ಆ ಸೀಮೆಯಲ್ಲಿ ಬೆಳೆದ ಹಣ್ಣಿನಿಂದ, ಅಲ್ಲಿನ ವಿಧಾನದಿಂದ, ಸೀಸೆಯಲ್ಲಿಯೇ ಹುದುಗಿದ್ದು ಮಾತ್ರ ಷಾಂಪೇನ್. ನಂಜನಗೂಡಿನ ರಸಬಾಳೆಗೂ ಮೈಸೂರಿನ ವೀಳ್ಯದೆಲೆಗೂ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆತಿರುವುದನ್ನು ಬಲ್ಲ ನಮಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ಸ್ಪೇನಿನವರು ಇದೇ ವಿಧಾನದಿಂದ ಮಾಡಿದ ಮದ್ಯವನ್ನು ಕಾವಾ ಎನ್ನುತ್ತಾರೆ. ಮಹಾರಾಷ್ಟ್ರದ ನಾರಾಯಣಗಾಂವ್‌ನಲ್ಲಿ 1980ರ ದಶಕದಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ತಯಾರಾದ ನೊರೆಮದ್ಯ ಹೊರದೇಶಗಳಲ್ಲಿ ಓಮರ್ ಖಯ್ಯಾಮನ ಹೆಸರಿನಲ್ಲಿ ಮಾರಾಟವಾಯಿತು.

2015ರಲ್ಲಿ ಯುನೆಸ್ಕೊ ಸಂಸ್ಥೆ ಷಾಂಪೇನಿನ ಬೆಟ್ಟದ ಇಳಿಜಾರುಗಳನ್ನೂ ಮನೆತನಗಳ ಕಟ್ಟಡಗಳನ್ನೂ ನೆಲಮಾಳಿಗೆಗಳನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಓವಿಲೇಯ ಇಗರ್ಜಿಯಲ್ಲಿ ಪೆರಿನ್ಯೋನನ ಸಮಾಧಿಶಿಲೆಯಿದೆ. ಪ್ರವಾಸಿಗಳು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಸೀಸೆಯ ಮೇಲಿನ ಚೀಟಿಯಲ್ಲಾದರೋ ದೊಡ್ಡ ಅಕ್ಷರದ ಹೆಸರಿನ ಕೆಳಗೆ, ಕನ್ನಡಕ ಹಾಕಿಕೊಂಡು ನೋಡಬೇಕಾದಷ್ಟು ಸಣ್ಣದಾಗಿ, ಎರಡು ಅಕ್ಷರಗಳು ಅಚ್ಚಾಗಿರುತ್ತವೆ. ಎನ್.ಎಂ. ಎಂದಿದ್ದರೆ ಅದು ಹಣ್ಣನ್ನು ಕೊಂಡು ತಯಾರಿಸುವ ವ್ಯಾಪಾರಿ ಮನೆತನದ್ದು. ಆರ್.ಎಂ. ಎಂದಿದ್ದರೆ ದ್ರಾಕ್ಷಿಯನ್ನು ಬೆಳೆದ ರೈತನೇ ಅದನ್ನು ಮದ್ಯ ಮಾಡಿ, ಸೀಸೆಯಲ್ಲಿ ಹುದುಗಿಸಿ, ತನ್ನ ಹೆಸರಿನಲ್ಲಿ ಮಾರುತ್ತಿದ್ದಾನೆಂದು ಅರ್ಥ.